ಸಂತೆಯಲ್ಲಿ ಹಾರಿದ ಪಿಂಗಾಣಿ ಹಲ್ಲು

ಮೊದಲೇ ಹೇಳಿಬಿಡುತ್ತೇನೆ: ನನ್ನ ಪಿಂಗಾಣಿ ಹಲ್ಲಿನ ಒಳಗೆ ಮಿರ್ಚಿ ಭಜಿಯ ಎಣ್ಣೆ ಸವರಿದವನು ನಾನೇ. ಇದರಲ್ಲಿ ಶತ್ರುಗಳ ಕೈವಾಡ ಏನೂ ಇಲ್ಲ. ಇಂಥ ಕೆಲಸಕ್ಕೆ ನನಗೆ ಶತ್ರುಗಳ ಅಗತ್ಯ ಎಂದೂ ಬಿದ್ದಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಬಾಗಲಕೋಟೆಯ ಸಾವ್ಕಾರರೊಬ್ಬರ ಹಲ್ಲುಪುಡಿಯನ್ನು ಸಂತೆ ಸಂತೆಗೆ ಹೊತ್ತು ಮಾರುತ್ತಿದ್ದೆ. ವಿದ್ಯೆ, ಅನುಭವ, ಬಂಡವಾಳ ಎಲ್ಲ ಸೇರಿ ನನ್ನ ಹತ್ತಿರ ಇದ್ದದ್ದು ಒಂದು ನಗು. ಆ ನಗುವಿನ ನಟ್ಟನಡುವಿನ ಹಲ್ಲನ್ನೇ, ಕುಳಗೇರಿ ಕ್ರಾಸಿನಲ್ಲಿ ಸೋಡಾ ಬಾಟಲಿಯ ಮುಚ್ಚಳ ಕಚ್ಚಿ ತೆಗೆಯಲು ಹೋಗಿ ಅರ್ಧಕ್ಕೆ ಮುರಿದುಕೊಂಡೆ. ಮುಚ್ಚಳ ತೆಗೆಯುವ ಕೀಲಿಯನ್ನು ಅಂಗಡಿಯವನು ದಾರ ಕಟ್ಟಿ ನನ್ನ ಮೂಗಿನ ಮುಂದೆಯೇ ತೂಗುಬಿಟ್ಟಿದ್ದ!

“ಲೇ, ಈ ಕಿಂಡಿ ಇಟ್ಕೊಂಡು ಹಲ್ಲುಪುಡಿ ಮಾರ್ತೀಯೇನು? ಹಲ್ಲ ಹಾಕಿಸ್ಕೊಂಡು ಬಾ, ಇಲ್ಲಾ ಮನ್ಯಾಗ ಕೂಡು,” ಎಂದರು ಸಾವ್ಕಾರರು.

ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಹೊರದೇಶದಲ್ಲಿ ಕಲಿತು ಬಂದವರು. ಮೊಂಡು ಹಲ್ಲಿಗೆ ಪಿಂಗಾಣಿಯ ಟೊಪ್ಪಿಗೆ ತೊಡಿಸುವುದು ಅವರ ಹೊಸ ವಿದ್ಯೆ. ಪಿಂಗಾಣಿ ಮಹಾ ನುಣುಪು. ಯಾರನ್ನೂ ಹಚ್ಚಿಕೊಳ್ಳುವ ಸ್ವಭಾವದ್ದಲ್ಲ. ಅದರ ಒಳಮೈಯನ್ನು ಆಮ್ಲದಿಂದ ಒರಟು ಮಾಡಿ, ಒಂದು ಔಷಧ ಸವರಿ, ಆಮೇಲೆ ರಾಳದ ಅಂಟು ಹಾಕಬೇಕಂತೆ. ಆ ಔಷಧ ಒಂದು ಕೈಯಲ್ಲಿ ಪಿಂಗಾಣಿಯನ್ನೂ ಇನ್ನೊಂದರಲ್ಲಿ ಅಂಟನ್ನೂ ಹಿಡಿಯುತ್ತದಂತೆ. ತಟ್ಟನೆ ಇಳಕಲ್ಲಿನ ನನ್ನ ಅಕ್ಕ ನೆನಪಾದಳು. ಅವಳು ನೇಯುವ ಸೀರೆಯ ಒಡಲು ನೂಲು, ಸೆರಗು ರೇಷ್ಮೆ. ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾಳೆ. ಅವಳು ಕೊಂಡಿ ಹಾಕುವಾಗ ಎಣ್ಣೆಗೈಯಲ್ಲಿ ಹತ್ತಿರ ಹೋದರೆ ಬೆನ್ನಿಗೆ ಬೀಳುತ್ತಿತ್ತು. ಬೆನ್ನು ಬುದ್ಧಿ ಕಲಿತಿತ್ತು. ಬೆರಳು ಕಲಿತಿರಲಿಲ್ಲ.

ಡಾಕ್ಟರು ಅಂಟು ಕಲೆಸಲು ಆಚೆ ತಿರುಗಿದರು. ತಟ್ಟೆಯಲ್ಲಿ ನನ್ನ ಹಲ್ಲು ಹೊಳೆಯುತ್ತಿತ್ತು. ತಡೆಯಲಾರದೆ ಎತ್ತಿಕೊಂಡು ಕಿರುಬೆರಳ ತುದಿಯನ್ನು ಒಳಗೆ ಆಡಿಸಿದೆ. ಆಗಷ್ಟೇ ಬಸ್ ಸ್ಟ್ಯಾಂಡಿನಲ್ಲಿ ಭಜಿ ತಿಂದ ಬೆರಳು! ಒಳಗೆಲ್ಲ ಒರಟು. ಆಗಷ್ಟೇ ಕೇಳಿದ ಪಾಠ ಮರೆತೇಹೋಗಿತ್ತು. ಪಾಪ, ಡಾಕ್ಟರಿಗೆ ಉಜ್ಜುವುದು ಮರೆತಿರಬೇಕು ಎಂದು ಅಂಗಿಯ ಚುಂಗಿನಿಂದ ಒರೆಸಿಯೂ ಇಟ್ಟೆ. ಉಪಕಾರ ಮಾಡಿದ ಸಂತೋಷ ಬೇರೆ.

ಮೋಸವೆಂದರೆ, ಹಲ್ಲು ಕೂತಿತು! ಬಾದಾಮಿ, ಹುನಗುಂದ, ಎಲ್ಲಿಯೂ ಅಳ್ಳಾಡಲಿಲ್ಲ. ಅಂಟಿನ ಪರೀಕ್ಷೆ ಮೊದಲ ದಿನ ಆಗುವುದಿಲ್ಲ ನೋಡಿ. ಚಹಾದ ಬಿಸಿ, ನೀರಿನ ತಂಪು, ಎಂಜಲಿನ ತೇವ ಎಲ್ಲ ಉಂಡೂ ಉಳಿದರೆ ಅದು ಅಂಟು. ಸ್ನೇಹಕ್ಕೂ ಈ ಮಾತು ಹೊಂದುತ್ತದೆ ಎಂದು ಬರೆಯಬಹುದಿತ್ತು. ಆದರೆ ಇದನ್ನು ನನ್ನ ಸ್ನೇಹಿತರೂ ಓದುತ್ತಾರೆ.

ಕೆರೂರ ಸಂತೆಗೆ ಸಾವ್ಕಾರರೇ ಬಂದು ನಿಂತರು. ನನಗೆ ಹುರುಪೋ ಹುರುಪು!

“ನೋಡ್ರಿ ಅವ್ವಾರ, ನೋಡ್ರಿ ಕಾಕಾರ! ಬಾದಾಮಿ ಗುಡ್ಡ ಅಳ್ಳಾಡಿದ್ರೂ ಈ ಹಲ್ಲ ಅಳ್ಳಾಡಂಗಿಲ್ಲ!”

ಮಾತು ಮುಗಿಯುವ ಮೊದಲೇ ಹಲ್ಲು ಹಾರಿ ಮುಂದೆ ಕೂತಿದ್ದ ಅಜ್ಜಿಯೊಬ್ಬಳ ಉಡಿಗೆ ಬಿತ್ತು. ಅವಳು ಅದನ್ನು ಎತ್ತಿ ಹಿಡಿದು ನೋಡಿದಳು.

“ಯಪ್ಪಾ, ಪುಡಿ ಕೇಳಿದ್ರ ಹಲ್ಲ ಕೊಡ್ತಿಯಲ್ಲೋ! ಇರ್ಲಿ ಬಿಡು, ನನಗೂ ಒಂದ ಬೇಕಾಗಿತ್ತು.”

ಸಂತೆಗೆ ಸಂತೆಯೇ ನಕ್ಕಿತು. ಸಾವ್ಕಾರರ ಮುಖ ನೋಡುವ ಧೈರ್ಯವಾಗಲಿಲ್ಲ. ಹೋಗುವ ನೌಕರಿ ಹೇಗೂ ಹೋಯಿತೆಂದು ಅಜ್ಜಿಯ ಮುಂದೆ ಬಾಯಿ ತೆರೆದೆ. “ಅದು ಸೋಡಾ ಬಾಟಲಿಗೆ ಮುರದದ್ದ್ರಿ ಅಜ್ಜಿ! ಪುಡಿ ತಿಕ್ಕಿದ್ದು ಇಲ್ಲೇ ಅದಾವು, ಎಣಸ್ರಿ ಬೇಕಾದ್ರ!”

ಅಜ್ಜಿ ಖರೆ ಎಣಿಸತೊಡಗಿದಳು. ಎಣಿಕೆ ನೋಡಲು ಜನ ಕವಿದರು, ಕವಿದವರು ಪುಡಿಯನ್ನೂ ಕೊಂಡರು. ಚೀಲ ಖಾಲಿ! ಎಣಿಸಿ ಮುಗಿಸಿದ ಅಜ್ಜಿ ಹಲ್ಲನ್ನೂ ಮರಳಿ ಕೊಟ್ಟಳು. ಸಾವ್ಕಾರರು ಖಾಲಿ ಚೀಲವನ್ನೊಮ್ಮೆ ನೋಡಿ ಬಸ್ ಹತ್ತಿದರು.

ಮರುದಿನ ಡಾಕ್ಟರ ಮುಂದೆ ಬೆರಳಿನ ಕಥೆ ಹೇಳಿದೆ. ಅವರು ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಡಿಸಿ, ಪಿಂಗಾಣಿಯನ್ನು ಮೊದಲಿನಿಂದ ಒರಟು ಮಾಡಿ ಅಂಟಿಸಿದರು. “ಇನ್ನ ಜಗ್ಗಂಗಿಲ್ಲ, ಹೋಗು,” ಎಂದರು.

ಓಡುತ್ತ ಸಾವ್ಕಾರರ ಅಂಗಡಿಗೆ ಹೋದೆ. ಹಲ್ಲು ತೋರಿಸಿದೆ, ಎರಡು ಬೆರಳಲ್ಲಿ ಹಿಡಿದು ಜಗ್ಗಿಯೂ ತೋರಿಸಿದೆ. ಅವರ ಮುಖ ಸಪ್ಪಗಾಯಿತು.

“ಇಷ್ಟ ಗಟ್ಟಿ ಯಾಕ ಹಚ್ಚಿಸ್ಕೊಂಡ್ಯೋ ಹುಚ್ಚಾ? ಸಂತಿಗೊಮ್ಮೆ ಬೀಳೂಹಂಗ ಹಚ್ರಿ ಅಂತ ಹೇಳಬೇಕಿಲ್ಲೋ!”