ಟೈಲರ್ ತನ್ನ ಪ್ಯಾಂಟಿಗೆ ಮಾಡಿಕೊಂಡ ಆಲ್ಟರೇಷನ್

ಆಪರೇಷನ್ ಆಗಿ ಆರನೇ ವಾರಕ್ಕೆ ಟೈಲರ್ ಮೂರನೇ ಸಲ ತನ್ನ ಪ್ಯಾಂಟಿನ ಸೊಂಟ ಬಿಚ್ಚಿಕೊಂಡು ಕೂತಾಗ ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು. ಕರುಳಿನ ಕ್ಯಾನ್ಸರ್ ಎಂದು ಗೇಣುದ್ದ ಕರುಳು ಕತ್ತರಿಸಿ ತೆಗೆದಿದ್ದರು. ಗಡ್ಡೆ ಹೋಯಿತು, ಗಾಯ ಮಾಯಿತು, ಮನುಷ್ಯ ಮಾತ್ರ ದಿನದಿನಕ್ಕೆ ಕರಗುತ್ತಿದ್ದ. ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನ್ನುವುದು, ಉಳಿದ ಹೊತ್ತು ಮಂಚಕ್ಕೆ ಅಂಟಿಕೊಳ್ಳುವುದು. ಎದ್ದನೆಂದರೆ ಒಂದೇ ಕೆಲಸ, ಸಡಿಲವಾದ ಪ್ಯಾಂಟನ್ನು ಮೈಗೆ ಸರಿಯಾಗಿ ಹೊಲಿದುಕೊಳ್ಳುವುದು.

ನಲವತ್ತು ವರ್ಷ ಊರವರ ಸೊಂಟ ಅಳೆದವನು. ದಾರಿಯಲ್ಲಿ ಯಾರದೋ ಕಾಲರ್ ಸೊಟ್ಟಗೆ ಕಂಡರೂ ಇವನಿಗೆ ಊಟ ರುಚಿಸುತ್ತಿರಲಿಲ್ಲ. ತನ್ನ ಮದುವೆಯ ದಿನವೇ ಮಾವನ ಕೋಟಿನ ತೋಳು ಉದ್ದವಾಯಿತೆಂದು ಬಿಚ್ಚಿಸಿಕೊಂಡು ಸರಿಮಾಡಿ ಕೊಟ್ಟ ಭೂಪ. ಅಂಥವನು ಸಡಿಲ ಪ್ಯಾಂಟು ಹಾಕಿಕೊಂಡು ನಾಲ್ಕು ಜನರ ಕಣ್ಣಿಗೆ ಬೀಳುವುದುಂಟೇ? ಹೆಂಡತಿ ಬೈದಳು, ಬೇಡಿಕೊಂಡಳು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ನೋಡಲು ಬಂದವರು ಮೊದಲಿನ ಹಾಗೇ ಇದ್ದೀರಲ್ಲ ಎಂದರೆ ಇವನು ಉಬ್ಬಿಹೋಗುತ್ತಿದ್ದ.

ತಪ್ಪು ಅವಳದೂ ಇತ್ತು. ಭಾರ ಎತ್ತಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮೈಭಾರವೂ ಭಾರವೇ ಅಲ್ಲವೇ ಎಂದುಕೊಂಡು ಅವನು ಏಳಬೇಕಾದಾಗಲೆಲ್ಲ ಕಂಕುಳಿಗೆ ಕೈ ಕೊಟ್ಟು ಇವಳೇ ಎತ್ತುತ್ತಿದ್ದಳು. ಅವನ ಕಾಲಿಗೆ ಕೆಲಸವೇ ತಪ್ಪಿಹೋಗಿತ್ತು.

ತಪಾಸಣೆಗೆ ಹೋದಾಗ ಒಂಬತ್ತು ಕೆಜಿ ಕಮ್ಮಿ ಬಂತು. ಟೈಲರ್ ತಕ್ಕಡಿಯನ್ನೇ ಬೈದ. ತೂಕ ಇಳಿದಿದ್ದರೆ ಪ್ಯಾಂಟು ಹೀಗೆ ಕೂರುತ್ತಿತ್ತೇ ಎಂದು ಡಾಕ್ಟರಮ್ಮನ ಜೊತೆ ವಾದಕ್ಕೇ ಇಳಿದ. ಹೆಂಡತಿಗೆ ರೇಗಿಹೋಯಿತು. ಎದ್ದು ಬಂದು ಅವನ ಸೊಂಟದ ಪಟ್ಟಿ ಮಗುಚಿ ಒಳಗಿನ ಮೂರು ಸಾಲು ಹೊಲಿಗೆ ತೋರಿಸಿದಳು.

ಡಾಕ್ಟರಮ್ಮ ಅವನ ತೊಡೆ ಒತ್ತಿ ನೋಡಿದರು. "ಕರಗಿರೋದು ಬರೀ ಕೊಬ್ಬಲ್ಲ ಯಜಮಾನ್ರೇ, ಮಾಂಸಖಂಡ. ಈ ಮೈಗೆ ಕೀಮೋ ಹಾಕಿದ್ರೆ ತಡಕೊಳ್ಳಲ್ಲ. ಹಾಗಂತ ತಡ ಮಾಡೋ ಹಾಗೂ ಇಲ್ಲ."

ಎರಡು ವಾರದ ಗಡುವು ಸಿಕ್ಕಿತು. ಕೈ ಎದೆಗೆ ಕಟ್ಟಿಕೊಂಡು, ಯಾರೂ ಮುಟ್ಟದೆ, ಕುರ್ಚಿಯಿಂದ ಐದು ಸಲ ಎದ್ದು ತೋರಿಸಿದರೆ ಕೀಮೋ. ಅವತ್ತು ಅವನು ಎದ್ದದ್ದು ಒಂದೇ ಸಲ.

ಮನೆಗೆ ಬಂದವಳೇ ಹೆಂಡತಿ ಮೂರೂ ಹೊಲಿಗೆ ಬಿಚ್ಚಿ ದಾರದುಂಡೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದಳು. ಬೆಲ್ಟು ಬಿಗಿದರೆ ಆಪರೇಷನ್ ಆದ ಜಾಗಕ್ಕೆ ಒತ್ತುತ್ತಿತ್ತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಅವನು ಮನೆಯೆಲ್ಲ ಓಡಾಡಿದ, ಗೊಣಗಿದ, ಮೊಟ್ಟೆ ನುಂಗಿದ, ಎದ್ದ, ಕುಸಿದ. ಪ್ರತಿ ಸಲವೂ ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಕೊನೆಗೆ ಅವಳೂ ಕೈ ಕಟ್ಟಿಕೊಂಡು, ಅವನು ಒದ್ದಾಡುವುದನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಗಡುವಿನ ದಿನ ಡಾಕ್ಟರಮ್ಮ, ನರ್ಸು, ಬಾಗಿಲಲ್ಲಿ ಇಣುಕುವ ಇತರ ರೋಗಿಗಳು, ಎಲ್ಲರ ಎದುರಿಗೆ ಟೈಲರ್ ಕೈ ಕಟ್ಟಿದ. ಕಾಲು ಅಗಲಿಸಿ ಪ್ಯಾಂಟನ್ನು ಹೇಗೋ ಉಳಿಸಿಕೊಂಡು ನಾಲ್ಕು ಸಲ ಎದ್ದ. ಐದನೆಯ ಸಲ ಅರ್ಧಕ್ಕೆ ಎದ್ದು ಥರಥರ ನಡುಗುವಾಗ ಪ್ಯಾಂಟು ಜಾರತೊಡಗಿತು. ಅವನ ಬೆರಳು ಮಿಡುಕಿತು. ಈ ಮಹಾರಾಯ ಪ್ರಾಣ ಬಿಟ್ಟಾನು, ಪ್ಯಾಂಟು ಬಿಡಲಾರ ಎಂದು ಹೆಂಡತಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವನು ಕೈ ಬಿಚ್ಚಲಿಲ್ಲ. ಪ್ಯಾಂಟು ಪಾದಕ್ಕೆ ಬಿತ್ತು. ಕಡ್ಡಿಯಂಥ ಎರಡು ಕಾಲನ್ನು ಊರಿಗೆಲ್ಲ ತೋರಿಸುತ್ತ ಟೈಲರ್ ನೆಟ್ಟಗೆ ನಿಂತ.

"ಬರ್ಕೊಳ್ಳಿ ಡಾಕ್ಟ್ರೇ, ಐದು," ಎಂದ.

ಆಮೇಲೆ ಹೆಂಡತಿಯ ಕಡೆ ತಿರುಗಿದ. "ಈಗ ಎತ್ತು ಬಾರೇ. ನನ್ನನ್ನಲ್ಲ, ಪ್ಯಾಂಟನ್ನ."