ಹೊಳೆನರಸೀಪುರದಲ್ಲಿ ಕೈಕೊಟ್ಟ ವಾಟರ್ ಪಂಪ್

ರಾಮನಾಥಪುರದಿಂದ ಫೋನ್ ಬಂದಾಗ ಚನ್ನರಾಯಪಟ್ಟಣದಲ್ಲಿ ಬೆಳಗಿನಿಂದಲೂ ಮೋಡ ಕವಿದಿತ್ತು. ಸೋದರಮಾವ ತೀರಿಕೊಂಡಿದ್ದರು. ಮಧ್ಯಾಹ್ನ ಅವರ ಹೊಲದಲ್ಲೇ ದಹನ ಎಂದು ಮಾವನ ಮಗ ಚಂದ್ರು ತಿಳಿಸಿದ. ನಮ್ಮ ತಾಯಿ ಕಾಯಿಲೆ ಬಿದ್ದಿದ್ದ ಕಾಲದಲ್ಲಿ ನನ್ನ ಅಕ್ಕ ಜಯಮ್ಮನನ್ನು ಎತ್ತಿ ಆಡಿಸಿ ಸಾಕಿದವರು ಮಾವ. ಸುದ್ದಿ ಹೇಳಿದಾಗ ಅಕ್ಕ ಅಳಲಿಲ್ಲ. ಸೀರೆಯನ್ನೂ ಬದಲಿಸದೆ ಬಂದು ಕಾರಿನಲ್ಲಿ ಕೂತಳು. "ಮಕ ಒಂದು ನೋಡ್ಬೇಕು ಕಣ್ಲಾ ಮಂಜ, ಬೇಗ ನಡಿ" ಎಂದಳು.

ಹೊಳೆನರಸೀಪುರ, ಅರಕಲಗೂಡು ದಾಟಿ ರಾಮನಾಥಪುರ. ಸರಿಯಾಗಿ ಹೋದರೆ ಎರಡು ಗಂಟೆಯ ದಾರಿ. ಕಾರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಆ ವಾರ ಅದನ್ನು ನಿಲ್ಲಿಸಿದ ಜಾಗದಲ್ಲಿ ಹಸಿರು ಬಣ್ಣದ ಹನಿಗಳು ಕಾಣುತ್ತಿದ್ದವು. ಸ್ಟಾರ್ಟ್ ಮಾಡಿದರೆ ಇಂಜಿನ್ನಿನ ಮುಂಭಾಗದಿಂದ ಕೀರಲು ಸದ್ದು. ಬೆಲ್ಟ್ ಸಡಿಲವಾಗಿರಬೇಕು, ಭಾನುವಾರ ತೋರಿಸೋಣ ಎಂದುಕೊಂಡಿದ್ದೆ. ಹೊರಡುವ ಮುಂಚೆ ಡಬ್ಬಿಯಲ್ಲಿ ಇಳಿದಿದ್ದ ಕೂಲೆಂಟನ್ನು, ಇಂಜಿನ್ ತಣಿಸುವ ಆ ಹಸಿರು ನೀರನ್ನು, ಗುರುತಿನ ತನಕ ತುಂಬಿದೆ.

ಹೊಳೆನರಸೀಪುರ ಹತ್ತಿರವಾದಾಗ ಕಾರಿನೊಳಗೆ ಸಿಹಿಯಾದ ವಾಸನೆ, ಬೆಲ್ಲದ ಪಾಕ ಹೊತ್ತಿದ ಹಾಗೆ. ಬಿಸಿ ತೋರಿಸುವ ಮುಳ್ಳು ನಿಧಾನವಾಗಿ ಮೇಲೇರಿತು. ಏಸಿ ಆರಿಸಿ, ಇಂಜಿನ್ನಿನ ಬಿಸಿ ಒಂದಿಷ್ಟು ಹೊರಬರಲೆಂದು ಹೀಟರ್ ಹಾಕಿದೆ. ಮೊದಲು ಬಂದ ಬಿಸಿಗಾಳಿ ಸ್ವಲ್ಪ ಹೊತ್ತಿಗೆ ತಣ್ಣಗಾಯಿತು. ಇಂಜಿನ್ ಕಾಯುತ್ತಿದೆ, ಗಾಳಿ ಮಾತ್ರ ತಣ್ಣಗೆ ಬರುತ್ತಿದೆ ಎಂದರೆ ಒಳಗೆ ನೀರು ತಿರುಗುತ್ತಿಲ್ಲ. ರಸ್ತೆ ಬದಿಗೆ ನಿಲ್ಲಿಸಿದ್ದೇ ತಡ, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು.

ಅಕ್ಕ ಬಾಟಲಿ ಹಿಡಿದು ಇಳಿದಳು. "ನೀರು ಉಯ್ದು ಓಗೋಣ, ಮುಚ್ಚಳ ತಗಿ."

"ಈಗ ತೆಗೆದರೆ ಕುದಿಯೋ ನೀರು ಮುಖಕ್ಕೆ ಹಾರುತ್ತೆ ಅಕ್ಕ. ಆರಲಿ."

"ಇಂಗೇ ಓಡಿಸಕ್ಕೆ ಆಗಾಕಿಲ್ವಾ?"

ಓಡಿಸಿದರೆ ಇಂಜಿನ್ ಕಾದು ಕಚ್ಚಿಕೊಂಡು ನಡುದಾರಿಯಲ್ಲಿ ಪೂರ್ತಿ ನಿಲ್ಲುತ್ತದೆ ಎಂದೆ. ಅವಳು ಬಾಟಲಿ ಹಿಡಿದೇ ನಿಂತಳು.

ಅದೇ ದಾರಿಯಲ್ಲಿ ಹೊರಟಿದ್ದ ಒಬ್ಬ ರೈತ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನಮ್ಮನ್ನು ಹೊಳೆನರಸೀಪುರದ ಒಂದು ಗ್ಯಾರೇಜಿಗೆ ಎಳೆದು ತಂದ. ಮೆಕ್ಯಾನಿಕ್ ಸ್ವಾಮಣ್ಣ ಬೆಲ್ಟ್ ಕಳಚಿ, ಇಂಜಿನ್ನಿನೊಳಗೆ ನೀರು ತಿರುಗಿಸುವ ವಾಟರ್ ಪಂಪಿನ ಪುಲ್ಲಿಯನ್ನು ಹಿಡಿದು ಅಲ್ಲಾಡಿಸಿದರು. ಅದು ಕಟಕಟ ಎಂದಿತು. ಅದರ ಕೆಳಗಿನ ಸಣ್ಣ ತೂತಿನಿಂದ ಇಳಿದ ಹಸಿರು ಕಲೆ ಒಣಗಿ ಹೆಪ್ಪುಗಟ್ಟಿತ್ತು.

"ಬೇರಿಂಗ್ ಓಗ್ಬುಟ್ಟದೆ ಸಾ, ಸೀಲೂ ಓಗ್ಬುಟ್ಟದೆ. ಇಂದೆ ಗಾಡಿ ಮಡಗಿದ್ದೋರು ಬೋರ್ ನೀರೇ ಉಯ್ದವ್ರೆ, ಒಳಗೆಲ್ಲ ತುಕ್ಕು. ಕೂಲೆಂಟ್ ಟೈಮಿಗೆ ಸರಿಯಾಗಿ ಬದ್ಲಾಯ್ಸಿದ್ರೆ ಪಂಪು ಇನ್ನೂ ಬಾಳಿಕೆ ಬತ್ತಿತ್ತು."

ಹೊಸ ಪಂಪ್ ಊರಿನಲ್ಲಿ ಸಿಗಲಿಲ್ಲ. ಹಾಸನದ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವರು ಬಸ್ಸಿನಲ್ಲಿ ಕಳಿಸುತ್ತೇವೆ ಎಂದರು. ಹಾಸನದ ಬಸ್ಸು ಬಂದರೆ ಮುಗಿಯಿತು, ಬೇಗ ಕೂರಿಸಿಬಿಡುತ್ತೇನೆ ಎಂದರು ಸ್ವಾಮಣ್ಣ. ಬಸ್ಸು ಹತ್ತೋಣವೇ ಎಂದು ಅಕ್ಕನನ್ನು ಕೇಳಿದೆ. ಮಂಡಿನೋವಿದ್ದ ಅವಳಿಗೆ ಕಾರೇ ವಾಸಿ ಎನಿಸಿತು. ಕಾದೆವು. ಪಕ್ಕದ ಹೋಟೆಲಿನಿಂದ ತಂದ ಕಾಫಿಗೆ ಕೆನೆ ಕಟ್ಟಿತು, ಅವಳು ಮುಟ್ಟಲಿಲ್ಲ.

ಪೊಟ್ಟಣ ಬಂತು. ಬಿಚ್ಚಿದ ಸ್ವಾಮಣ್ಣ ಅದನ್ನು ಹಳೆಯ ಪಂಪಿನ ಪಕ್ಕ ಹಿಡಿದು ನೋಡಿದರು. ನಮ್ಮದು ಪೆಟ್ರೋಲ್ ಗಾಡಿ. ಬಂದದ್ದು ಡೀಸೆಲ್ ಇಂಜಿನ್ನಿನ ಪಂಪ್. "ಯೋಳೋದ್ನ ಮರೆತ್ನೋ, ಅವ್ರೇ ತಪ್ಪಾಗಿ ಕೊಟ್ರೋ" ಎಂದು ಅವರು ಹಣೆ ಒರೆಸಿಕೊಂಡರು. ಸರಿಯಾದ ಪಂಪ್ ಬರುವುದು ಇನ್ನು ನಾಳೆಯೇ ಎಂದರು.

ಅಷ್ಟರಲ್ಲಿ ಚಂದ್ರು ಮತ್ತೆ ಫೋನ್ ಮಾಡಿದ. "ಎಲ್ಲಿದ್ದೀರಾ? ಮಳೆ ಬರಂಗದೆ, ಸೌದೆ ನೆನೀತವೆ ಅಂತ ದೊಡ್ಡೋರು ಅವಸರ ಮಾಡ್ತಾವ್ರೆ. ಅಕ್ಕ ಬರ್ಲಿ ಅಂತ ನಾನು ತಡೀತಾ ಇವ್ನಿ."

ಅಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. "ಕಾಯ್ಬೇಡ ಕಣಪ್ಪ ಚಂದ್ರು. ಮಳೇಲಿ ಅವರ್ನ ನೆನೆಸ್ಬೇಡಿ. ಮುಗಿಸ್ರಪ್ಪ. ನಾವು ಬತ್ತೀವಿ." ಮಾತು ಮುಗಿದರೂ ಫೋನನ್ನು ಕಿವಿಯಿಂದ ಇಳಿಸಲಿಲ್ಲ.

ಕಾರು ಅಲ್ಲೇ ಬಿಟ್ಟು ಅರಕಲಗೂಡಿನ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು, ಕಾಲಿಡಲು ಜಾಗವಿರಲಿಲ್ಲ. ಯಾರೋ ಒಬ್ಬಾಕೆ ಅಕ್ಕನ ಮುಖ ನೋಡಿ ಎದ್ದು ಸೀಟು ಕೊಟ್ಟಳು. ಅರಕಲಗೂಡಿನಲ್ಲಿ ಬಸ್ಸು ಬದಲಿಸಿದೆವು. ಕಿಟಕಿಯಾಚೆ ಎರಡೂ ಕಡೆ ಹೊಗೆಸೊಪ್ಪಿನ ಎಳೆಯ ಸಾಲುಗಳು, ಮೇಲೆ ಕಪ್ಪು ಮೋಡ. ಹನಿ ಉದುರಲು ಶುರುವಾಯಿತು.

ಹೊಲ ತಲುಪಿದಾಗ ಚಿತೆ ಕಟ್ಟಿಯಾಗಿತ್ತು. ಮುಖ, ಎದೆಯ ಮೇಲೆ ಸೌದೆ ಜೋಡಿಸಿದ್ದರು. ಚಂದ್ರು ಕೊಳ್ಳಿ ಹಿಡಿದು ನಿಂತಿದ್ದವನು ನಮ್ಮನ್ನು ಕಂಡು ಕೈ ತಡೆದ. "ಸೌದೆ ತೆಗೀಲಾ ಅಕ್ಕ?" ಎಂದ. ಅಕ್ಕ ಉದುರುತ್ತಿದ್ದ ಹನಿ ನೋಡಿ ಬೇಡವೆಂದು ತಲೆಯಾಡಿಸಿದಳು. ಕುಂಟುತ್ತ ಹೋಗಿ ಹೊರಗೆ ಚಾಚಿದ್ದ ಎರಡು ಪಾದಗಳನ್ನು ಹಿಡಿದುಕೊಂಡು ಹಣೆ ಇಟ್ಟಳು. ಹಿರಿಯರೊಬ್ಬರು "ಸಾಕು ಬುಡವ್ವ" ಎಂದು ಭುಜ ಮುಟ್ಟಿದ ಮೇಲೆ ಎದ್ದಳು. ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೆ ಮಳೆ ನಿಂತುಹೋಯಿತು. ಮುಖದ ಮೇಲೆ ಸೌದೆ ಜೋಡಿಸುವುದನ್ನು ಇನ್ನೊಂದು ಗಂಟೆ ತಡೆಯಬಹುದಿತ್ತು.

ಮರುದಿನ ಹೊಳೆನರಸೀಪುರಕ್ಕೆ ವಾಪಸಾದಾಗ ಕಾರು ಸಿದ್ಧವಾಗಿತ್ತು. ಹೊತ್ತಿಗೆ ಸರಿಯಾಗಿ ನಿಲ್ಲಿಸಿದ್ದರಿಂದ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಹಸಿರು ಹನಿ ಕಂಡ ದಿನವೇ ಗಾಡಿ ತರಬೇಕು ಎಂದು ಸ್ವಾಮಣ್ಣ ಮೆಲ್ಲಗೆ ಹೇಳಿದರು. ಹೂಂ ಎಂದೆ.

ಚನ್ನರಾಯಪಟ್ಟಣ ಹತ್ತಿರವಾಯಿತು. ಅಕ್ಕ ರಸ್ತೆಯನ್ನೇ ನೋಡುತ್ತ ಹೇಳಿದಳು:

"ನಂಗೆ ನಡೆಯಾಕೆ ಬರ್ದೇ ಇದ್ದಾಗ, ಮಾವ ಅವ್ರ ಪಾದದ ಮೇಲೆ ನನ್ ಕಾಲು ಮಡಗಿಸ್ಕೊಂಡು, ಎಲ್ಡೂ ಕೈ ಹಿಡ್ಕೊಂಡು ಅಂಗಳ ಪೂರ್ತಿ ನಡಿಸ್ತಿದ್ರಂತೆ. ಅವ್ವ ಯೋಳ್ತಿತ್ತು." ತನ್ನ ಅಂಗೈ ನೋಡಿಕೊಂಡು ಮತ್ತೆ ಅಂದಳು, "ಪಾದ ಎಲ್ಡೂ ತಣ್ಣಗಿದ್ವು ಕಣ್ಲಾ."