ಗುರುಬಾಯಿಯ ಅರ್ಧ ತಾಸು

ಸೊಲ್ಲಾಪುರದ ದವಾಖಾನೆಯಲ್ಲಿ ಬಸುರಿ ಮಗಳು ತೂಕದ ಯಂತ್ರ ಹತ್ತಿದಾಗ, ಜೋಲಿ ತಪ್ಪಿದರೆ ಹಿಡಿಯಲು ಇರಲಿ ಎಂದು ಕರಜಗಿಯ ನಿಂಗಣ್ಣ ಅವಳ ಬೆನ್ನ ಹಿಂದೆಯೇ ನಿಂತುಕೊಂಡ. ಕಾಳಜಿ ಹೆಚ್ಚಾಗಿ ಅವನ ಎಡಗಾಲೂ ಯಂತ್ರದ ಅಂಚಿನ ಮೇಲೆ ಹೋಗಿತ್ತು. ಅಂಕಿ ತೊಂಬತ್ತೊಂದು ತೋರಿಸಿತು.

"ಕಾಕಾ, ಪಾಯ ಕಾಢಾ! ಕಾಲು, ಕಾಲು ತಗೀರಿ!" ಎಂದು ನರ್ಸ್ ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ಒದರಿದಳು.

ಬಾಕಿನ ಮೇಲೆ ಕೂತಿದ್ದ ಎಂಟು ಬಸುರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಟ್ಟೆಯೊಳಗಿದ್ದವರೂ ನಕ್ಕರೆಂದು ಹಿಡಿದರೆ, ಹದಿನಾರು ಮಂದಿಯ ಎದುರು ನಿಂಗಣ್ಣನ ಮಾನ ಹೋದಂತಾಯಿತು. ಕಾಲು ತೆಗೆದ ಮೇಲೂ ಅಂಕಿ ಎಪ್ಪತ್ನಾಲ್ಕಕ್ಕೆ ಬಂದು ನಿಂತುಬಿಟ್ಟಿತು. ಹದಿನೈದು ದಿನದ ಹಿಂದೆ ಎಪ್ಪತ್ತೊಂದಿತ್ತು.

ಡಾಕ್ಟರು ಶ್ರದ್ಧಾಬಾಯಿ ಕಾಗದ ನೋಡಿ ಕನ್ನಡಕ ತೆಗೆದರು. "ನಿಂಗಣ್ಣಾರ, ಊಟಾದ ಮ್ಯಾಲ ದಿನಾ ಅರ್ಧಾ ತಾಸು ಅಡ್ಡಾಡಸ್ರಿ ಅಂದಿದ್ನಿ."

"ಅರ್ಧಾ ತಾಸ್ಯಾಕ್ರಿ ಬಾಯಾರ, ಎರಡೆರಡ ತಾಸು ಅಡ್ಡಾಡಾಕತ್ತಾಳ್ರಿ."

"ಹಂಗಿದ್ರ ಈ ಮೂರ ಕಿಲೋ ಎಲ್ಲಿಂದ ಬಂತು?"

ಮಗಳು ಪ್ರಾಜಕ್ತಾ ಮೇಲೆ ತಿರುಗುವ ಫ್ಯಾನನ್ನು ನೋಡತೊಡಗಿದಳು.

ಊಟದ ನಂತರದ ಸಕ್ಕರೆ ನೂರಾ ಇಪ್ಪತ್ತರ ಒಳಗಿರಬೇಕಾದದ್ದು ನೂರಾ ಅರವತ್ತೆರಡಕ್ಕೆ ಏರಿತ್ತು. ತಾಯಿಯ ರಕ್ತದ ಸಕ್ಕರೆ ಕೂಸಿಗೂ ಹೋಗುತ್ತದೆ, ಕೂಸು ಅಳತೆ ಮೀರಿ ಬೆಳೆಯುತ್ತದೆ, ಹೆರಿಗೆ ಕಠಿಣವಾಗುತ್ತದೆ, ಹುಟ್ಟಿದ ಮೇಲೆ ಕೂಸಿನ ಸಕ್ಕರೆ ಒಮ್ಮೆಲೆ ಕುಸಿಯಲೂಬಹುದು ಎಂದು ಡಾಕ್ಟರು ತಿಳಿಸಿ ಹೇಳಿದರು. ನಡೆದರೆ ಆ ಸಕ್ಕರೆಯನ್ನು ಮೈಯೇ ಸುಟ್ಟುಕೊಳ್ಳುತ್ತದೆ, ತಾಯಿ ನಡೆಯುವುದು ಕೂಸಿನ ಎದೆಗೂ ಒಳ್ಳೆಯದು. "ಹದಿನೈದ ದಿನ ನೋಡೂಣು. ಇಳೀಲಿಲ್ಲಂದ್ರ ಇನ್ಸುಲಿನ್ ಸೂಜಿ ಚಾಲೂ ಮಾಡೂದ."

ಪ್ರಾಜಕ್ತಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಕೂಸಿಗಿ ಏನೂ ಆಗೂದಿಲ್ಲಲ್ರಿ?"

"ನೀ ನಡದ್ರ ಏನೂ ಆಗೂದಿಲ್ಲವಾ."

ನಿಜ ಹೊರಬಿದ್ದದ್ದು ತಿರುಗಿ ಬರುವಾಗ, ಎಸ್‌ಟಿ ಬಸ್ಸಿನಲ್ಲಿ. ಹುಡುಗಿ ನಡೆದದ್ದೇನೋ ಖರೆ. ಆದರೆ ಕರಜಗಿಯಲ್ಲಿ ಸುಮ್ಮನೆ ನಡೆಯುವ ಪದ್ಧತಿ ಇಲ್ಲ. ನಡೆಯುವವರು ಎಲ್ಲಿಗಾದರೂ ಹೋಗುತ್ತಿರಬೇಕು. ತವರಿಗೆ ಬಂದ ಏಳು ತಿಂಗಳ ಬಸುರಿ ಬಾಗಿಲ ಮುಂದೆ ಹಾದರೆ, ಅವಳು ತಮ್ಮ ಮನೆಗೇ ಬಂದಳೆಂದು ಪ್ರತಿಯೊಂದು ಮನೆಯೂ ತಿಳಿದುಕೊಳ್ಳುತ್ತದೆ. ಬಸುರಿಯನ್ನು ಬರಿ ಬಾಯಲ್ಲಿ ಕಳಿಸುವುದುಂಟೆ? ಧರೆಪ್ಪನ ಮನೆಯಲ್ಲಿ ಶೇಂಗಾ ಹೋಳಿಗೆ, ಮಲ್ಲಯ್ಯನ ಮನೆಯಲ್ಲಿ ಅಂಟಿನುಂಡೆ, ಅದರಾಚೆ ಪೇಢೆ, ಅದರಾಚೆ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆಯ ಚಹಾ. ಊರಗಸೆ ಬಾಗಿಲು ಮುಟ್ಟಿ ಬರುವಷ್ಟರಲ್ಲಿ ಏಳು ಮನೆ, ಎರಡು ತಾಸು. ಜೊತೆಗೆ ಹೋಗುತ್ತಿದ್ದ ತಾಯಿ ಗಂಗುಬಾಯಿ ಯಾರಿಗೂ ಒಲ್ಲೆ ಎಂದವಳಲ್ಲ.

"ನಾಳಿಂದ ನಾ ಹೋಗ್ತೀನಿ. ನಾ ಗಂಡ್ಸು, ಖಡಕ್ಕಾಗಿ ಹೇಳ್ತೀನಿ" ಎಂದ ನಿಂಗಣ್ಣ.

ಮರುದಿನ ಧರೆಪ್ಪನ ಹೆಂಡತಿ ತಾಟು ಹಿಡಿದುಕೊಂಡು ಅಡ್ಡ ಬಂದಳು. ನಿಂಗಣ್ಣ ಖಡಕ್ಕಾಗಿ, "ಅಕಿ ತಿನ್ನೂದಿಲ್ಲರಿ" ಎಂದ. ಆಕೆಯ ಮುಖ ಸಣ್ಣದಾದದ್ದು ನೋಡಿ, "ಅಕಿ ಪಾಲಿಂದ ನಾ ತಿಂತೀನಿ, ಕೊಡ್ರಿ" ಎಂದ. ಮೂರು ದಿನ ಹೀಗೆ ನಡೆಯಿತು. ಮಗಳ ಸಕ್ಕರೆಯ ಸಂಗತಿ ದೇವರಿಗೇ ಗೊತ್ತು, ನಿಂಗಣ್ಣನ ಬೆಲ್ಟು ಮಾತ್ರ ಒಂದು ತೂತು ಹಿಂದಕ್ಕೆ ಸರಿಯಿತು.

ಇನ್ನು ಊರೊಳಗಿನ ಸಹವಾಸ ಬೇಡವೆಂದು ಮಗಳನ್ನು ಹೊಲದ ದಾರಿಗೆ ಕರೆದೊಯ್ದ. ತೊಗರಿ ಕೊಯ್ಯುತ್ತಿದ್ದ ಹೆಣ್ಣಾಳುಗಳು ಕುಡಗೋಲು ಕೆಳಗಿಟ್ಟು ನೋಡಿದರು. ಬಸುರಿ ಮಗಳನ್ನು ಹೊಲದ ಕೆಲಸಕ್ಕೆ ಒಯ್ದನೆಂಬ ಸುದ್ದಿ ಹತ್ತು ಗಂಟೆಯ ಬಸ್ಸು ಹತ್ತಿ ಸೊಲ್ಲಾಪುರ ಸೇರಿತು. ಮಧ್ಯಾಹ್ನ ಅಲ್ಲಿನ ಎಂಐಡಿಸಿಯ ಕಾರ್ಖಾನೆಯಿಂದ, ಪಾವರ್‌ಲೂಮಿನ ಖಟಖಟದ ನಡುವೆ, ಅಳಿಯ ಯುವರಾಜನ ಫೋನು: "ಮಾವಾರ, ರಾಶಿಗಿ ಆಳು ಸಿಗಲಿಲ್ಲೇನ್ರಿ?"

ಐದು ದಿನ ಹೀಗೆ ಹಾಳಾದವು. ಆ ರಾತ್ರಿ ಉಣ್ಣುವಾಗ ನಿಂಗಣ್ಣನಿಗೆ ಅಕ್ಕನ ನೆನಪಾಯಿತು.

ಅಕ್ಕ ಎಂದರೆ ಗುರುಬಾಯಿ. ಸಲಗರ ಬುದ್ರುಕ ಎಂಬ ಹಳ್ಳಿಗೆ ಕೊಟ್ಟ ಹೆಣ್ಣು. ಗಂಡ ತೀರಿದ ಮೇಲೆ ತವರೂರಿಗೆ ಬಂದು, ಓಣಿಯ ಕೊನೆಯಲ್ಲಿ ಎರಡು ಖೋಲಿ ಕಟ್ಟಿಸಿಕೊಂಡು ಮೂವತ್ತು ವರ್ಷದಿಂದ ಒಬ್ಬಳೇ ಇದ್ದಾಳೆ. ನಾಲ್ಕು ಎಕರೆ ಜೋಳ ತಾನೇ ನಿಂತು ಬಿತ್ತಿಸುತ್ತಾಳೆ. ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಕಂಡದ್ದನ್ನು ಕಂಡ ಜಾಗದಲ್ಲೇ ಹೇಳಿಬಿಡುತ್ತಾಳೆ, ಅಷ್ಟೇ ಅವಳ ಗುನ್ಹೆ. ಧರೆಪ್ಪ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದಾಗ, ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದು ಬಂದು, "ಪಾವಟಿಗಿ ಚಲೋ ಅದಾವಪಾ, ಆಡು ಹತ್ತಾಕ" ಎಂದಿದ್ದಳು. ಮಲ್ಲಯ್ಯನ ಮಗನ ಮದುವೆಯಲ್ಲಿ, ಬೀಗರ ಎದುರಿಗೆ, ವರನಿಗೆ ಹತ್ತನೆಯದು ಎಷ್ಟನೇ ಸಲಕ್ಕೆ ಪಾಸಾಯಿತೆಂದು ಅಕ್ಕರೆಯಿಂದಲೇ ವಿಚಾರಿಸಿದ್ದಳು. ಅಂದಿನಿಂದ ಊರಿನವರು ಅವಳಿಗೆ ದೂರದಿಂದಲೇ ಕೈಮುಗಿಯುತ್ತಾರೆ.

"ಅಕಿ ಬಾಯಿ ಕೂಸಿಗಿ ತಾಗಿದ್ರ?" ಎಂದು ಗಂಗುಬಾಯಿ ಹೆದರಿದಳು.

"ಹೋಳಗಿ ತಾಗೂಕಿಂತ ಅದ ಚಲೋ" ಎಂದು ನಿಂಗಣ್ಣ ಚಪ್ಪಲಿ ಮೆಟ್ಟಿಕೊಂಡ.

ಹೋಗುವುದು ಸುಲಭ, ಕೇಳುವುದು ಕಷ್ಟ. ಅಕ್ಕನ ಕಟ್ಟೆಯ ಮೇಲೆ ಕೂತು ನಿಂಗಣ್ಣ ಮೊದಲು ಜೋಳದ ಬೆಳೆ ವಿಚಾರಿಸಿದ, ಆಮೇಲೆ ಅವಳ ಮೊಣಕಾಲು ವಿಚಾರಿಸಿದ, ಆಮೇಲೆ ಮತ್ತೆ ಜೋಳಕ್ಕೆ ಬಂದ.

"ಬಂದ ಕೆಲಸ ಹೇಳೋ ನಿಂಗ್ಯಾ."

"ಏನಿಲ್ಲಕ್ಕಾ... ಪ್ರಾಜಕ್ತಾನ ಜೋಡಿ ದಿನಾ ಒಂದೀಟು ಅಡ್ಡಾಡಿದ್ರ ನಿನಗೂ ಗಾಳಿ..."

"ನನ್ನ ಕಂಡ್ರ ಊರು ಬಾಗಲಾ ಹಾಕ್ಕೋತೈತಿ. ಅದಕ್ಕ ಬಂದಿ, ಹೌದಿಲ್ಲೊ?"

ನಿಂಗಣ್ಣನಿಗೆ ಕಟ್ಟೆಯಿಂದ ಎದ್ದು ಓಡಬೇಕೆನಿಸಿತು. ಅಕ್ಕನ ಎದುರು ಸುಳ್ಳು ನಡೆಯದು. ಆಮೇಲೆ ಸಕ್ಕರೆ, ಸೂಜಿ, ಕೂಸು, ಹದಿನೈದರಲ್ಲಿ ಉಳಿದ ಹತ್ತು ದಿನ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಗುರುಬಾಯಿ ಮೊರದಲ್ಲಿದ್ದ ಜೋಳ ಹಸನು ಮಾಡಿದಳು. ಈ ಮೂವತ್ತು ವರ್ಷದಲ್ಲಿ ತಮ್ಮ ತನ್ನಿಂದ ಏನನ್ನಾದರೂ ಬೇಡಿದ್ದು ಅವಳಿಗೆ ನೆನಪಾಗಲಿಲ್ಲವೇನೋ.

"ಎಷ್ಟೊತ್ತಿಗಿ ಉಣ್ತಾಳ?" ಎಂದಳು.

ಮರುದಿನ ಊಟವಾಗುತ್ತಲೇ ಗುರುಬಾಯಿ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಿಂಗಣ್ಣ ಕದ್ದು ನೋಡಲೆಂದು ಮಾಳಿಗೆ ಹತ್ತಿದ. ಧರೆಪ್ಪನ ಹೆಂಡತಿ, "ಬಾರವಾ ಪ್ರಾಜಕ್ತಾ, ಬಿಸಿ ಬಿಸಿ..." ಎನ್ನುತ್ತ ತಾಟಿನೊಂದಿಗೆ ಹೊರಬಂದವಳು, ಹಿಂದಿದ್ದ ಗುರುಬಾಯಿಯನ್ನು ಕಂಡು, "ಅಯ್ಯ, ಒಲಿ ಮ್ಯಾಲ ಹಾಲೈತಿ" ಎಂದು ತಾಟಿನೊಂದಿಗೇ ಒಳಗೆ ಹೋದಳು. ಮಲ್ಲಯ್ಯನ ಮನೆಯಲ್ಲಿ ಟಿವಿಯ ದನಿ ಫಕ್ಕನೆ ನಿಂತಿತು, ಯಾರೂ ಇಲ್ಲವೆಂದು ತೋರಿಸಲಿಕ್ಕೆ.

"ಒಳಗ ಅದಾರವಾ" ಎಂದಳು ಗುರುಬಾಯಿ, ಓಣಿಗೆಲ್ಲ ಕೇಳುವಂತೆ. "ಪಾಪ, ಉಸರ ಹಿಡಕೊಂಡ ಕುಂತಾರ. ನಡಿ, ಸತ್ತಾರು."

ಪ್ರಾಜಕ್ತಾ ನಗುತ್ತ ಗೋಡೆ ಹಿಡಿದುಕೊಂಡಳು. ನಡೆಯುವಾಗ ಮಾತಾಡಲು ಉಸಿರು ಉಳಿಯಬೇಕು, ಅಷ್ಟೇ ವೇಗದಲ್ಲಿ ನಡಿ ಎಂದು ಡಾಕ್ಟರು ಹೇಳಿದ್ದರು. ನಗಲು ಎಷ್ಟು ಉಸಿರು ಬೇಕೆಂದು ಹೇಳಿರಲಿಲ್ಲ.

"ತಡೀರಿ ಅತ್ತಿ, ದಮ್ಮ ಹತ್ತಿತು."

"ನಿಲ್ಲು. ಒಳಗಿಂದು ನಗಾಕತ್ತೈತೇನು?"

"ಒದ್ಯಾಕತ್ತೈತ್ರಿ."

"ಒದೀಲಿ. ನಮ್ಮ ಮನಿತನದ್ದ ಐತಿ."

ಊರಗಸೆ ಮುಟ್ಟಿ ಇಬ್ಬರೂ ತಿರುಗಿ ಬಂದಾಗ ನಿಂಗಣ್ಣ ಗಡಿಯಾರ ನೋಡಿದ. ಸರಿಯಾಗಿ ಅರ್ಧ ತಾಸು.

ಹತ್ತು ದಿನ, ದಿನಕ್ಕೆ ಎರಡು ಸಲ. ಹನ್ನೊಂದನೆಯ ದಿನ ಸೊಲ್ಲಾಪುರದಲ್ಲಿ ಸಕ್ಕರೆ ನೂರಾ ಹದಿನಾಲ್ಕಕ್ಕೆ ಇಳಿದಿತ್ತು. ನಿಂಗಣ್ಣ ಈ ಸಲ ತೂಕದ ಯಂತ್ರದಿಂದ ನಾಲ್ಕು ಮಾರು ದೂರ ನಿಂತಿದ್ದ. ಸೂಜಿಯ ಮಾತು ಅಲ್ಲಿಗೇ ಮುಗಿಯಿತು, ನಡಿಗೆ ಮಾತ್ರ ಮುಗಿಯಲಿಲ್ಲ. ಒಂಬತ್ತು ತಿಂಗಳು ತುಂಬುವವರೆಗೆ ಕರಜಗಿಯ ಆ ಓಣಿ ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು ಕೂತಿತು.

ಕೂಸು ಹುಟ್ಟಿದ್ದು ಬೆಳಗಿನ ಒಂಬತ್ತಕ್ಕೆ. ಮೂರು ಕಿಲೋ ನೂರು ಗ್ರಾಮಿನ ಹೆಣ್ಣು. ಹಿಮ್ಮಡಿ ಚುಚ್ಚಿ ರಕ್ತ ನೋಡಿದರು, ಸಕ್ಕರೆ ಸರಿಯಾಗಿತ್ತು. ಚುಚ್ಚಿದ ನರ್ಸಿಗೆ ಅದು ಒದರಿದ ರೀತಿ ಕೇಳಿ, ಎದೆಯೂ ಗಟ್ಟಿಯಾಗಿದೆಯೆಂದು ಯಾರೂ ಬೇರೆ ಹೇಳಬೇಕಾಗಲಿಲ್ಲ. ನಿಂಗಣ್ಣ ಹೊರಗೆ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ. ಅಳಿಯ ಬಂದಾಗ, ಕಸ ಬಿದ್ದಿತ್ತು ಎಂದ.

ಮಧ್ಯಾಹ್ನ ಶ್ರದ್ಧಾಬಾಯಿ ರೌಂಡಿಗೆ ಬಂದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಗುರುಬಾಯಿಯನ್ನು ತೋರಿಸಿ, ನಡೆಸಿದವಳು ಇವಳೇ ಎಂದು ನಿಂಗಣ್ಣ ಹೆಮ್ಮೆಯಿಂದ ಹೇಳಿದ. ಡಾಕ್ಟರಿಗೆ ನಂಬಿಕೆಯಾಗಲಿಲ್ಲ.

"ನಿಮ್ಮ ಕಡೀಂದ ಬರು ಎಲ್ಲಾ ಬಸುರ್ಯಾರದೂ ಇದ ತಕರಾರು ಐತ್ರಿ ಅಮ್ಮಾ. ಅಡ್ಡಾಡಾಕ ಹೋದ್ರ ಮಂದಿ ಕರದ ತಿನಸ್ತಾರಂತ. ಎರಡ ತಿಂಗಳಾ ನಿಮ್ಮನ್ನ ಒಬ್ರೂ ಒಳಗ ಕರೀಲಿಲ್ಲೇನ್ರಿ?"

ಗುರುಬಾಯಿ ಕೂಸಿನ ಕುಂಚಿಗೆ ಸರಿ ಮಾಡಿದಳು.

"ಪ್ರಾಜಕ್ತಾನ್ನ ಕರದ್ರಲ್ರಿ. ನಾನೂ ಬರ್ತೀನಿ ಅಂದ್ನಿ."